ಥೈರಾಯ್ಡ್ ಮಾತ್ರೆ ಮೊದಲು, ಕಾಫಿ ಆಮೇಲೆ

ಮದುವೆಯಾಗಿ ವರ್ಷ ದಾಟಿದೆ. ಮುಟ್ಟು ಒಂದು ತಿಂಗಳು ಬಂದರೆ ಇನ್ನೆರಡು ತಿಂಗಳು ಪತ್ತೆಯೇ ಇಲ್ಲ. ಹೋದ ಮದುವೆ ಮನೆಯಲ್ಲೆಲ್ಲ ‘ವಿಶೇಷ ಏನಾದ್ರೂ ಉಂಟಾ?’ ಅಂತ ಕೇಳುತ್ತಾರೆ. ಇಂಥವರು ಮೈಸೂರಿನ ದೊಡ್ಡ ಬಂಜೆತನ ಚಿಕಿತ್ಸೆಯ ಸೆಂಟರ್‌ಗೆ ಬಸ್ ಹತ್ತುವ ಮುಂಚೆ ಇಲ್ಲೇ ಕೊಡಗಿನಲ್ಲೇ ಮಾಡಿಸಬೇಕಾದ ಒಂದು ಪರೀಕ್ಷೆ ಇದೆ. ಅದು ಟಿಎಸ್‌ಎಚ್. ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ಅದರಲ್ಲಿ ಗೊತ್ತಾಗುತ್ತದೆ. ಕೈಯಿಂದ ಸ್ವಲ್ಪ ರಕ್ತ ಕೊಟ್ಟರೆ ಮುಗಿಯಿತು.

ನಾನು ಡಾಕ್ಟರ್ ಅಲ್ಲ, ಗೋಣಿಕೊಪ್ಪ ಕಡೆ ಲ್ಯಾಬ್ ಟೆಕ್ನಿಷಿಯನ್. ಸೂಜಿ ಚುಚ್ಚುವುದು, ರಿಪೋರ್ಟ್ ಕೈಗೆ ಕೊಡುವುದು ನನ್ನ ಕೆಲಸ. ನನಗೂ ಥೈರಾಯ್ಡ್ ಇದೆ, ದಿನಾ ಮಾತ್ರೆ ನುಂಗುತ್ತೇನೆ. ಎಷ್ಟು ಪವರಿನ ಮಾತ್ರೆ ಬೇಕು ಅಂತ ಡಾಕ್ಟರ್ ಹೇಳಬೇಕು, ನಾನಲ್ಲ. ಆದರೆ ಪರೀಕ್ಷೆಗೆ ಹೇಗೆ ಬರಬೇಕು, ಮಾತ್ರೆ ಹೇಗೆ ನುಂಗಬೇಕು, ಯಾವುದರ ಜೊತೆ ನುಂಗಬಾರದು ಅನ್ನೋದನ್ನು ಹೇಳಲು ಒಪಿಡಿ ರಶ್‌ನಲ್ಲಿ ಅವರಿಗೆ ಪುರುಸೊತ್ತು ಇರುವುದಿಲ್ಲ. ಆ ಮಾತು ನನ್ನ ಟೇಬಲ್ ಹತ್ತಿರವೇ ಬರುತ್ತದೆ.

ಯಾರು ಪರೀಕ್ಷೆ ಮಾಡಿಸಬೇಕು?

ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ ಎಣಿಸಿ. 21ರಿಂದ 35 ದಿನದ ಒಳಗೆ ಬಂದರೆ ಸರಿ. 28 ದಿನಕ್ಕೇ ಬರಬೇಕು ಅಂತೇನಿಲ್ಲ. ಇದಕ್ಕಿಂತ ಬೇಗ ಅಥವಾ ತಡವಾಗಿ ಬರುತ್ತಿದ್ದರೆ, ಪ್ಯಾಡ್ ಮೇಲೆ ಪ್ಯಾಡ್ ಬದಲಾಯಿಸುವಷ್ಟು ಹೋಗುತ್ತಿದ್ದರೆ, ಗರ್ಭಪಾತ ಆಗಿದ್ದರೆ ಕಾಯಬೇಡಿ. ಮುಟ್ಟು ಸರಿಯಾಗಿದ್ದೂ ಮಗು ನಿಲ್ಲುತ್ತಿಲ್ಲ ಅಂದರೆ, 35 ವರ್ಷದೊಳಗಿನವರು ಒಂದು ವರ್ಷ, 35 ದಾಟಿದವರು ಆರು ತಿಂಗಳು ಪ್ರಯತ್ನಿಸಿ ಡಾಕ್ಟರ್ ಹತ್ತಿರ ಹೋಗಬೇಕು.

ಜೊತೆಗೆ ಸುಸ್ತು, ಚಳಿ ತಡೆಯದಿರುವುದು, ಮಲಬದ್ಧತೆ, ಕೂದಲು ಉದುರುವುದು, ಮುಖ ಊದುವುದು ಇದ್ದರೆ ಅನುಮಾನ ಜಾಸ್ತಿ. ಆದರೆ ಮಡಿಕೇರಿಯ ಜುಲೈ ತಿಂಗಳಲ್ಲಿ ಚಳಿ ಆಗದವರು ಯಾರು ಹೇಳಿ! ಲಕ್ಷಣ ನೋಡಿ ತೀರ್ಮಾನ ಮಾಡಲು ಆಗುವುದಿಲ್ಲ. ಏನೂ ಲಕ್ಷಣ ಇಲ್ಲದವರಿಗೂ ಟಿಎಸ್‌ಎಚ್ ಏರಿರುವುದನ್ನು ನೋಡಿದ್ದೇನೆ.

ಕುತ್ತಿಗೆಯಲ್ಲಿರುವ ಗ್ರಂಥಿಗೂ ಗರ್ಭಕ್ಕೂ ಏನು ಸಂಬಂಧ ಅಂತ ಕೇಳುವವರು ತುಂಬಾ ಜನ. ಥೈರಾಯ್ಡ್ ಹಾರ್ಮೋನ್ ಕಮ್ಮಿಯಾದಾಗ ಮೆದುಳು ಅದನ್ನು ಎಬ್ಬಿಸಲು ಟಿಆರ್‌ಎಚ್ ಅನ್ನುವ ಸಂದೇಶ ಜಾಸ್ತಿ ಕಳಿಸುತ್ತದೆ. ಅದರಿಂದ ಟಿಎಸ್‌ಎಚ್ ಏರುತ್ತದೆ. ಅದೇ ಸಂದೇಶಕ್ಕೆ ಪ್ರೊಲ್ಯಾಕ್ಟಿನ್ ಕೂಡ ಏರುತ್ತದೆ. ಪ್ರೊಲ್ಯಾಕ್ಟಿನ್ ಅಂದರೆ ಹಾಲಿನ ಹಾರ್ಮೋನ್. ಹಾಲೂಡಿಸುವ ತಾಯಿಗೆ ಕೆಲವು ತಿಂಗಳು ಮುಟ್ಟು ಬರುವುದಿಲ್ಲ ಅಲ್ವಾ, ಅದಕ್ಕೆ ಮುಖ್ಯ ಕಾರಣ ಇದೇ. ಹೆರದಿದ್ದರೂ ಇದು ಏರಿದರೆ ಅಂಡಾಶಯದಿಂದ ಮೊಟ್ಟೆ ಬಿಡುಗಡೆ ಆಗುವುದು ತಪ್ಪುತ್ತದೆ. ಮೊಟ್ಟೆ ಬಿಡುಗಡೆ ಆಗದ ತಿಂಗಳು ಮುಟ್ಟು ಮುಂದೆ ಹೋಗುತ್ತದೆ, ಇಲ್ಲ ಒಮ್ಮೆಲೇ ವಿಪರೀತ ಹೋಗುತ್ತದೆ. ಇನ್ನು ಥೈರಾಯ್ಡ್ ಹಾರ್ಮೋನ್ ಜಾಸ್ತಿಯಾದವರಿಗೆ ಸಾಮಾನ್ಯವಾಗಿ ಮುಟ್ಟು ಕಮ್ಮಿಯಾಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ.

ಸ್ಕ್ಯಾನಿಂಗ್‌ನಲ್ಲಿ ಅಂಡಾಶಯದ ತುಂಬಾ ಗುಳ್ಳೆ ಕಂಡ ತಕ್ಷಣ ‘ಪಿಸಿಓಡಿ’ ಅಂತ ಚೀಟಿ ಬರೆಸಿಕೊಂಡು ಬರುವವರಿಗೆ ನಾನು ಕೇಳುವುದು ಒಂದೇ, ಥೈರಾಯ್ಡ್ ನೋಡಿದ್ದಾರಾ? ಥೈರಾಯ್ಡ್ ತೀರಾ ಕಮ್ಮಿಯಾದಾಗಲೂ ಅಂಡಾಶಯ ಹಾಗೇ ಕಾಣಬಹುದು. ಪಿಸಿಓಎಸ್ (ಪಿಸಿಓಡಿ ಅನ್ನುವುದೂ ಇದಕ್ಕೇ) ಅಂತ ಹೇಳುವ ಮುಂಚೆ ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ತೊಂದರೆ ಇಲ್ಲ ಅಂತ ಖಚಿತ ಮಾಡಿಕೊಳ್ಳಬೇಕು ಅನ್ನುವುದು ನಿಯಮ. ಸಿದ್ದಾಪುರ ಕಡೆಯ ಎಸ್ಟೇಟ್ ಲೈನ್‌ಮನೆಯ ಹುಡುಗಿಯೊಬ್ಬಳು ಮುಟ್ಟು ಬರಿಸುವ ಮಾತ್ರೆಯನ್ನೇ ತಿಂಗಳುಗಟ್ಟಲೆ ನುಂಗಿ ನಮ್ಮಲ್ಲಿಗೆ ಬಂದಳು. ಟಿಎಸ್‌ಎಚ್ ನೋಡಿದರೆ 38, ಇರಬೇಕಾದ್ದು ಹೆಚ್ಚೆಂದರೆ 4 ಅಥವಾ 4.5. ಆ ಮಾತ್ರೆ ಬಿಟ್ಟ ಮೇಲೆ ರಕ್ತ ಹೋಗುತ್ತದೆ, ನಿಜ. ಆದರೆ ಅದರಿಂದ ಥೈರಾಯ್ಡ್ ಸರಿಹೋಗುವುದಿಲ್ಲ.

ರಕ್ತ ಕೊಡಲು ಬರುವಾಗ

ಟಿಎಸ್‌ಎಚ್ ಒಂದಕ್ಕೇ ಆದರೆ ಉಪವಾಸ ಕಡ್ಡಾಯ ಅಲ್ಲ. ಆದರೆ ಇದು ರಾತ್ರಿ ಏರಿ ಮಧ್ಯಾಹ್ನದ ಹೊತ್ತಿಗೆ ಇಳಿಯುವ ಹಾರ್ಮೋನ್. ಒಮ್ಮೆ ಬೆಳಿಗ್ಗೆ ಎಂಟಕ್ಕೆ, ಇನ್ನೊಮ್ಮೆ ಮಧ್ಯಾಹ್ನ ಮೂರಕ್ಕೆ ಕೊಟ್ಟು ಎರಡು ರಿಪೋರ್ಟ್ ಹೋಲಿಸಬೇಡಿ. ಪ್ರತಿ ಸಲ ಬೆಳಿಗ್ಗೆ, ಆದಷ್ಟು ಅದೇ ಹೊತ್ತಿಗೆ, ಅದೇ ಲ್ಯಾಬ್‌ಗೆ ಬನ್ನಿ. ಈಗಾಗಲೇ ಮಾತ್ರೆ ತಗೊಳ್ಳುವವರು ಆ ದಿನದ ಮಾತ್ರೆಯನ್ನು ಚೀಲದಲ್ಲಿ ಹಾಕಿಕೊಂಡು ಬಂದು, ರಕ್ತ ಕೊಟ್ಟ ಮೇಲೆ ನುಂಗಿ.

ಕೂದಲು ಉದುರುವುದಕ್ಕೆ ಅಂತ ಬಯೋಟಿನ್ ಮಾತ್ರೆ ತಿನ್ನುತ್ತಿದ್ದೀರಾ? ಥೈರಾಯ್ಡ್ ಇದ್ದವರಿಗೆ ಕೂದಲು ಉದುರುತ್ತದೆ, ಕೂದಲಿಗೆ ಬಯೋಟಿನ್ ತಿನ್ನುತ್ತಾರೆ, ಆ ಬಯೋಟಿನ್ ನಮ್ಮ ಮೆಷಿನ್‌ಗೆ ಮೋಸ ಮಾಡುತ್ತದೆ. ಎಷ್ಟೋ ಮೆಷಿನ್‌ಗಳಲ್ಲಿ ಟಿಎಸ್‌ಎಚ್ ಇರುವುದಕ್ಕಿಂತ ಕಮ್ಮಿ ತೋರಿಸುತ್ತದೆ. ರಕ್ತ ಕೊಡುವ ಎರಡು ದಿನ ಮುಂಚೆ ಅದನ್ನು ನಿಲ್ಲಿಸಿ. ‘ಹೇರ್, ಸ್ಕಿನ್, ನೇಲ್ಸ್’ ಅಂತ ಬರೆದಿರುವ ಎಲ್ಲ ಬಾಟಲಿಗೂ ಇದೇ ಮಾತು.

ಪ್ರೊಲ್ಯಾಕ್ಟಿನ್ ಕೂಡ ಬರೆದಿದ್ದರೆ ಇನ್ನೂ ಸ್ವಲ್ಪ ಜಾಗ್ರತೆ ಬೇಕು. ಎದ್ದ ತಕ್ಷಣ ಅದು ಜಾಸ್ತಿ ಇರುತ್ತದೆ, ಎದ್ದು ಎರಡು ಮೂರು ಗಂಟೆ ಕಳೆಯಲಿ. ಭಯ, ಸುಸ್ತು, ಓಡಿ ಬಂದ ಏದುಸಿರಿಗೂ ಏರುತ್ತದೆ. ಬಿರುನಾಣಿ ಕಡೆಯಿಂದ ತಿರುವು ತಿರುವಿನಲ್ಲಿ ಬಸ್‌ನಲ್ಲಿ ಬಂದವರನ್ನು ನಾನು ಅರ್ಧ ಗಂಟೆ ಬೆಂಚ್ ಮೇಲೆ ಕೂರಿಸಿಯೇ ಚುಚ್ಚುವುದು. ‘ಮೇಡಂ, ವಾಪಸ್ ಬಸ್ ಹೋಗ್ತದೆ’ ಅಂತ ಬೈಸಿಕೊಂಡಿದ್ದೂ ಉಂಟು. ಬಸ್‌ನಲ್ಲಿ ವಾಂತಿ ಬರಬಾರದು ಅಂತ ನುಂಗುವ ಡೊಂಪೆರಿಡೋನ್ ಮಾತ್ರೆ ಪ್ರೊಲ್ಯಾಕ್ಟಿನ್ನನ್ನು ಚೆನ್ನಾಗಿ ಏರಿಸುತ್ತದೆ. ಗ್ಯಾಸ್‌ಗೆ ಅಂತ ದಿನಾ ತಿನ್ನುವ ಕೆಲವು ಕ್ಯಾಪ್ಸೂಲ್‌ಗಳಲ್ಲೂ ಅದು ಸೇರಿರುತ್ತದೆ. ಸ್ಟ್ರಿಪ್ ಹಿಂದೆ ಓದಿ, ಇಲ್ಲ ಸ್ಟ್ರಿಪ್ಪನ್ನೇ ತಂದು ತೋರಿಸಿ. ಟಿಎಸ್‌ಎಚ್ ಮತ್ತು ಪ್ರೊಲ್ಯಾಕ್ಟಿನ್ ಎರಡೂ ಏರಿದ್ದರೆ ಡಾಕ್ಟರ್ ಸಾಮಾನ್ಯವಾಗಿ ಮೊದಲು ಥೈರಾಯ್ಡ್ ಸರಿಮಾಡಿ, ಆಮೇಲೆ ಪ್ರೊಲ್ಯಾಕ್ಟಿನ್ ಮತ್ತೆ ನೋಡುತ್ತಾರೆ. ಹೆಚ್ಚಿನ ಸಲ ಅದೂ ಇಳಿದಿರುತ್ತದೆ. ಪ್ರೊಲ್ಯಾಕ್ಟಿನ್ ಏರಿದ್ದಕ್ಕೆ ತಲೆ ಸ್ಕ್ಯಾನ್ ಆಗಬೇಕಾ ಅಂತ ಗಾಬರಿಯಾಗುವ ಮುಂಚೆ ಇದು ಗೊತ್ತಿರಲಿ.

ರಿಪೋರ್ಟ್ ಕೈಗೆ ಬಂದಾಗ

ಹೆಚ್ಚಿನ ಲ್ಯಾಬ್‌ಗಳಲ್ಲಿ ಟಿಎಸ್‌ಎಚ್ ಸುಮಾರು 0.4ರಿಂದ 4 ಅಥವಾ 4.5ರವರೆಗೆ ನಾರ್ಮಲ್ ಅಂತ ಅಚ್ಚಾಗಿರುತ್ತದೆ. ಟಿಎಸ್‌ಎಚ್ ಜಾಸ್ತಿ ಅಂದರೆ ಥೈರಾಯ್ಡ್ ಕಮ್ಮಿ, ಟಿಎಸ್‌ಎಚ್ ತೀರಾ ಕಮ್ಮಿ ಅಂದರೆ ಥೈರಾಯ್ಡ್ ಜಾಸ್ತಿ. ಇದನ್ನು ಉಲ್ಟಾ ತಿಳಿದುಕೊಳ್ಳುವವರೇ ಹೆಚ್ಚು. ಟಿಎಸ್‌ಎಚ್ 10 ದಾಟಿದ್ದರೆ, ಅಥವಾ ಅದು ಏರಿ ಫ್ರೀ ಟಿ4 (ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನ್) ಇಳಿದಿದ್ದರೆ, ಮಗು ಬೇಕು ಅನ್ನುವವರಿಗೆ ಮಾತ್ರೆ ಬೇಕೇ ಬೇಕು. ಟಿಎಸ್‌ಎಚ್ 4ರಿಂದ 10ರ ಮಧ್ಯೆ, ಟಿ4 ಸರಿ ಇದೆ ಅಂದರೆ ಡಾಕ್ಟರ್ ವಿಚಾರ ಮಾಡುತ್ತಾರೆ. ಮಗುವಿಗೆ ಪ್ರಯತ್ನಿಸುತ್ತಿರುವವರಿಗೆ ಸಾಮಾನ್ಯವಾಗಿ ಸಣ್ಣ ಡೋಸ್ ಶುರು ಮಾಡುತ್ತಾರೆ. ಐವಿಎಫ್‌ಗೆ (ಲ್ಯಾಬ್‌ನಲ್ಲಿ ಭ್ರೂಣ ಮಾಡಿ ಗರ್ಭಕ್ಕೆ ಸೇರಿಸುವ ಚಿಕಿತ್ಸೆ) ಹೋಗುವವರಿಗೆ ಟಿಎಸ್‌ಎಚ್ 2.5ರ ಕೆಳಗೆ ಇರಲಿ ಅಂತ ನೋಡುತ್ತಾರೆ.

ಆಂಟಿ ಟಿಪಿಓ ಅನ್ನುವ ಇನ್ನೊಂದು ಪರೀಕ್ಷೆಯನ್ನೂ ಬರೆಯಬಹುದು. ನಮ್ಮ ದೇಹವೇ ಥೈರಾಯ್ಡ್ ಮೇಲೆ ಜಗಳಕ್ಕೆ ಬಿದ್ದಿದೆಯಾ ಅಂತ ಅದರಲ್ಲಿ ಗೊತ್ತಾಗುತ್ತದೆ. ಅದು ಪಾಸಿಟಿವ್ ಇದ್ದವರಿಗೆ ಗರ್ಭಪಾತದ ಅಪಾಯ ಸ್ವಲ್ಪ ಜಾಸ್ತಿ, ಮುಂದೆ ಥೈರಾಯ್ಡ್ ಕಮ್ಮಿಯಾಗುವ ಸಾಧ್ಯತೆಯೂ ಜಾಸ್ತಿ. ಆದರೆ ಟಿಎಸ್‌ಎಚ್ ನಾರ್ಮಲ್ ಇದ್ದು ಟಿಪಿಓ ಮಾತ್ರ ಪಾಸಿಟಿವ್ ಇದ್ದ ಹೆಂಗಸರಿಗೆ ಮಾತ್ರೆ ಕೊಟ್ಟು ನೋಡಿದ ದೊಡ್ಡ ಅಧ್ಯಯನವೊಂದು 2019ರಲ್ಲಿ ಬ್ರಿಟನ್ನಿನಿಂದ ಬಂತು. ಮಾತ್ರೆಯಿಂದ ಹೆರಿಗೆವರೆಗೆ ತಲುಪಿದವರ ಸಂಖ್ಯೆ ಏನೂ ಹೆಚ್ಚಲಿಲ್ಲ. ಹಾಗಾಗಿ ‘ನನಗೂ ಮಾತ್ರೆ ಬರೆದುಕೊಡಿ’ ಅಂತ ಹಠ ಮಾಡಬೇಡಿ. ಟಿಎಸ್‌ಎಚ್ ಆಗಾಗ ನೋಡಿಕೊಳ್ಳುತ್ತಿದ್ದರೆ ಸಾಕು.

ಟಿಎಸ್‌ಎಚ್ ತೀರಾ ಕಮ್ಮಿ ಬಂದು, ಎದೆ ಬಡಿತ, ಕೈ ನಡುಕ, ಚೆನ್ನಾಗಿ ತಿಂದರೂ ತೂಕ ಇಳಿಯುವುದು ಇದ್ದವರ ದಾರಿಯೇ ಬೇರೆ. ಅವರಿಗೆ ಕೊಡುವ ಕಾರ್ಬಿಮಜೋಲ್ ಗರ್ಭದ ಮೊದಲ ವಾರಗಳಲ್ಲಿ ಮಗುವಿಗೆ ತೊಂದರೆ ಮಾಡಬಹುದು. ಗರ್ಭ ನಿಲ್ಲುವ ಮೊದಲೇ ‘ನಮಗೆ ಮಗು ಬೇಕು’ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಅವರು ಔಷಧಿ ಬದಲಾಯಿಸುವುದೋ ಬೇರೆ ದಾರಿಯೋ ನೋಡುತ್ತಾರೆ. ರೇಡಿಯೋ ಅಯೋಡಿನ್ ಚಿಕಿತ್ಸೆ ಆದವರು ಕನಿಷ್ಠ ಆರು ತಿಂಗಳು ಕಾಯಬೇಕು.

ಮಾತ್ರೆ ಮತ್ತು ಕಾಫಿ

ನಾನು ಜಾಸ್ತಿ ಜಗಳ ಆಡುವುದು ಈ ವಿಷಯಕ್ಕೆ.

ಮಾತ್ರೆಯ ಹೆಸರು ಲೆವೊಥೈರಾಕ್ಸಿನ್. ಥೈರೊನಾರ್ಮ್, ಎಲ್ಟ್ರಾಕ್ಸಿನ್ ಅಂತೆಲ್ಲ ಬರುತ್ತದೆ. ದುಬಾರಿ ಏನಲ್ಲ. ಆದರೆ ಇಷ್ಟು ಮುಂಗೋಪದ ಮಾತ್ರೆ ಇನ್ನೊಂದಿಲ್ಲ. ಹೊಟ್ಟೆಯಲ್ಲಿ ಏನಾದರೂ ಇದ್ದರೆ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿ, ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ, ಏನೂ ತಗೊಳ್ಳಬಾರದು. ‘ಏನೂ’ ಅಂದರೆ ಕಾಫಿ ಕೂಡ.

ಇದನ್ನು ಕೊಡಗಿನವರಿಗೆ ಹೇಳುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ನಮ್ಮಲ್ಲಿ ಕಣ್ಣು ಬಿಡುವುದೇ ಬೆಲ್ಲದ ಕಾಫಿಯ ವಾಸನೆಗೆ. ಅದಕ್ಕೆ ಹಾಲು ಹಾಕಲ್ಲ, ಹಾಗಾಗಿ ತೊಂದರೆ ಇಲ್ಲ ಅಂತ ವಾದಿಸುವವರಿದ್ದಾರೆ. ಹಾಲು ಇರಲಿ, ಇಲ್ಲದಿರಲಿ, ಕಾಫಿಯೇ ಆ ಮಾತ್ರೆಗೆ ಅಡ್ಡ ಬರುತ್ತದೆ. ಅಮ್ಮತ್ತಿ ಕಡೆಯ ಒಬ್ಬರ ಟಿಎಸ್‌ಎಚ್ ಇಳಿಯುತ್ತಲೇ ಇರಲಿಲ್ಲ. ಡೋಸ್ 50ರಿಂದ 75, 75ರಿಂದ 100 ಆಯಿತು. ರಿಪೋರ್ಟ್ ಕೊಡುವಾಗ ಕೇಳಿದೆ, ‘ಅಕ್ಕ, ಮಾತ್ರೆ ಯಾವುದರಲ್ಲಿ ನುಂಗ್ತೀರಿ?’ ‘ಇನ್ಯಾವುದರಲ್ಲಿ, ಕಾಫಿಯಲ್ಲಿ. ಖಾಲಿ ಹೊಟ್ಟೆಯಲ್ಲೇ ಅಲ್ವಾ?’ ಅಂದರು. ಅವರ ಲೆಕ್ಕದಲ್ಲಿ ಕಾಫಿ ಆದ ಮೇಲೂ ಹೊಟ್ಟೆ ಖಾಲಿಯೇ. ಒಂದು ಮಾತು ಜ್ಞಾಪಕ ಇರಲಿ, ಕಾಫಿ ಜೊತೆ ನುಂಗುತ್ತಾ ಡೋಸ್ ಏರಿಸಿಕೊಂಡವರು ಒಮ್ಮೆಲೇ ನೀರಿಗೆ ಬದಲಾದರೆ ಡೋಸ್ ಜಾಸ್ತಿಯಾಗಿಬಿಡಬಹುದು. ಡಾಕ್ಟರಿಗೆ ಹೇಳಿಯೇ ಬದಲಾಯಿಸಿ.

ನಾನು ಮಾಡುವುದು ಹೀಗೆ. ರಾತ್ರಿ ಮಲಗುವಾಗ ದಿಂಬಿನ ಪಕ್ಕ ಒಂದು ಲೋಟ ನೀರು ಮುಚ್ಚಿಟ್ಟು, ಬಾಟಲಿ ಇಡುತ್ತೇನೆ. ಎದ್ದ ತಕ್ಷಣ, ಹಾಸಿಗೆ ಮಡಚುವ ಮೊದಲೇ ಮಾತ್ರೆ. ಆಮೇಲೆ ಬಚ್ಚಲ ಒಲೆ ಹಚ್ಚಿ, ಅಂಗಳ ಗುಡಿಸಿ, ಸ್ನಾನ ಮುಗಿಸುವ ಹೊತ್ತಿಗೆ ಗಂಟೆ ಆಗಿಯೇ ಆಗುತ್ತದೆ. ಆಗ ಕಾಫಿ. ಬೆಳಿಗ್ಗೆ ಎದ್ದ ಕೂಡಲೇ ಕಾಫಿ ಕುಡಿದು ತೋಟಕ್ಕೆ ಓಡಬೇಕಾದವರು ಡಾಕ್ಟರ್ ಹತ್ತಿರ ಕೇಳಿ ರಾತ್ರಿಗೆ ಬದಲಾಯಿಸಬಹುದು. ಊಟ ಆಗಿ ಮೂರು ಗಂಟೆಯಾದರೂ ಕಳೆದಿರಬೇಕು. ಎಂಟೂವರೆಗೆ ಊಟ ಮಾಡಿ ಒಂಬತ್ತಕ್ಕೇ ಕಣ್ಣು ಮುಚ್ಚುವವರಿಗೆ ಇದು ಆಗುವ ಮಾತಲ್ಲ.

ಕಾಫಿಯ ಹಾಗೇ ಕೆಡಿಸುವುದು ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ. ಆಶಾ ಕಾರ್ಯಕರ್ತೆ ಕೊಟ್ಟಿದ್ದನ್ನು, ಡಾಕ್ಟರ್ ಬರೆದಿದ್ದನ್ನು ಎಲ್ಲ ಒಟ್ಟಿಗೆ ಅಂಗೈಗೆ ಹಾಕಿಕೊಂಡು ನುಂಗುವವರನ್ನು ಕಂಡಿದ್ದೇನೆ. ಥೈರಾಯ್ಡ್ ಮಾತ್ರೆಗೂ ಇವಕ್ಕೂ ನಾಲ್ಕು ಗಂಟೆ ಅಂತರ ಬೇಕು. ಬೆಳಿಗ್ಗೆ ಎದ್ದ ಕೂಡಲೇ ಥೈರಾಯ್ಡ್, ಮಧ್ಯಾಹ್ನ ಊಟ ಆದ ಮೇಲೆ ಕಬ್ಬಿಣ, ರಾತ್ರಿ ಊಟದ ಜೊತೆ ಕ್ಯಾಲ್ಸಿಯಂ. ಗೋಡೆಯ ಕ್ಯಾಲೆಂಡರ್ ಪಕ್ಕ ಬರೆದು ಅಂಟಿಸಿ. ದಿನಾ ಗ್ಯಾಸ್ ಮಾತ್ರೆ ತಿನ್ನುವವರು ಅದನ್ನೂ ಡಾಕ್ಟರಿಗೆ ಹೇಳಿ, ಅದರಿಂದಲೂ ಡೋಸ್ ಸಾಲದೇ ಬರಬಹುದು.

ಒಂದು ದಿನ ಮರೆತರೆ ಗಾಬರಿ ಬೇಡ. ಈ ಔಷಧಿ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಅದೇ ಕಾರಣಕ್ಕೆ ಶುರು ಮಾಡಿದ ಹತ್ತನೇ ದಿನಕ್ಕೆ ಬಂದು ‘ಇಳಿದಿದೆಯಾ ನೋಡಿ’ ಅಂದರೂ ಪ್ರಯೋಜನ ಇಲ್ಲ. ಡೋಸ್ ಶುರು ಮಾಡಿ ಅಥವಾ ಬದಲಾಯಿಸಿ ಆರರಿಂದ ಎಂಟು ವಾರಕ್ಕೆ ಮತ್ತೆ ಪರೀಕ್ಷೆ. ಮುಂಚೆ ಬಂದರೆ ಸುಮ್ನೆ ದುಡ್ಡು ದಂಡ.

ನಮ್ಮ ಮಳೆ, ನಮ್ಮ ಅಡುಗೆ

ಈ ಮಾತ್ರೆಗೆ ತೇವ, ಬಿಸಿ, ಬೆಳಕು ಮೂರೂ ಆಗದು. ಜೂನ್‌ನಿಂದ ಇಲ್ಲಿ ಬಟ್ಟೆಗೂ ಬೂಸ್ಟು, ಚಪ್ಪಲಿಗೂ ಬೂಸ್ಟು. ಹಾಗಂತ ಬೆಚ್ಚಗಿರಲಿ ಅಂತ ಒಲೆ ಮೇಲಿನ ಅಟ್ಟದಲ್ಲಿ ಮೆಣಸಿನ ಜೊತೆ ಬಾಟಲಿ ಇಟ್ಟವರಿದ್ದಾರೆ. ಅದೂ ಬೇಡ, ಬಚ್ಚಲ ಕಪಾಟೂ ಬೇಡ. ಮಲಗುವ ಕೋಣೆಯ ಕಪಾಟಿನಲ್ಲಿ, ಬಂದ ಬಾಟಲಿಯಲ್ಲೇ, ಒಳಗಿನ ತೇವ ಹೀರುವ ಸಣ್ಣ ಚೀಲದ ಸಮೇತ ಮುಚ್ಚಳ ಬಿಗಿಯಾಗಿ ಹಾಕಿಡಿ. ವಾರದ ಮಾತ್ರೆಯನ್ನು ಪೇಪರ್‌ನಲ್ಲಿ ಸುತ್ತಿ ಪರ್ಸ್‌ಗೆ ಹಾಕಬೇಡಿ. ಮೇ ತಿಂಗಳಲ್ಲೇ ಇನ್ನೊಂದು ಬಾಟಲಿ ತಂದಿಟ್ಟುಕೊಳ್ಳಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳು ಮುಚ್ಚಿದ್ದು ಯಾರಿಗೂ ಮರೆತಿಲ್ಲ. ಬ್ರಾಂಡ್ ಬದಲಾದರೆ ಡಾಕ್ಟರಿಗೆ ತಿಳಿಸಿ.

ಮಳೆಗಾಲದಲ್ಲಿ ತಪ್ಪದೇ ಬರುವ ಪ್ರಶ್ನೆ ಕಣಿಲೆಯದು. ತಿನ್ನಬಹುದಾ? ಹಸಿ ಬಿದಿರಿನ ಕಣಿಲೆಯಲ್ಲಿರುವ ಸೈನೈಡ್ ಅಂಶ ದೇಹದಲ್ಲಿ ಥಯೋಸೈನೇಟ್ ಆಗಿ, ಥೈರಾಯ್ಡ್‌ಗೆ ಅಯೋಡಿನ್ ಸೇರದಂತೆ ತಡೆಯುತ್ತದೆ. ನಮ್ಮ ಅಜ್ಜಿಯಂದಿರು ಹೆಚ್ಚಿದ ಕಣಿಲೆಯನ್ನು ನೀರಿನಲ್ಲಿ ನೆನೆಸಿಟ್ಟು, ನೀರು ಚೆಲ್ಲಿ, ಚೆನ್ನಾಗಿ ಬೇಯಿಸುತ್ತಿದ್ದರು. ಆ ಅಂಶ ಬಹಳಷ್ಟು ಹೋಗುವುದು ಹಾಗೇ. ಅವಸರಕ್ಕೆ ನೆನೆಸದೇ ಮಾಡಬೇಡಿ. ಹೀಗೆ ಮಾಡಿದ ಬೈಂಬಳೆ ಕರಿಯನ್ನು ಆಗಾಗ ಕಡಂಬಿಟ್ಟಿನ ಜೊತೆ ತಿಂದರೆ ಏನೂ ಆಗುವುದಿಲ್ಲ, ಮನೆಯಲ್ಲಿ ಅಯೋಡಿನ್ ಉಪ್ಪು ಇರಬೇಕು ಅಷ್ಟೇ. ಎಲೆಕೋಸು, ಹೂಕೋಸಿಗೂ ಅಷ್ಟೇ, ಬೇಯಿಸಿ ತಿನ್ನಿ. ಇನ್ನು ಆಟಿಯ ಮದ್ದು ಸೊಪ್ಪಿನ ಪಾಯಸ ರುಚಿಗೆ ತಿನ್ನಿ, ನಾನೂ ತಿನ್ನುತ್ತೇನೆ. ಅದನ್ನು ನಂಬಿ ಮಾತ್ರೆ ಬಿಡಬೇಡಿ.

ಪ್ಯಾಕೆಟ್ ಮೇಲೆ ಅಯೋಡಿನ್ ಇದೆ ಅಂತ ಬರೆದಿರುವ ಉಪ್ಪನ್ನೇ ತನ್ನಿ. ಆರೋಗ್ಯಕ್ಕೆ ಒಳ್ಳೇದು ಅಂತ ಗುಲಾಬಿ ಉಪ್ಪು, ಬರೀ ಕಲ್ಲುಪ್ಪು ತರುವವರು ಜಾಸ್ತಿ ಆಗಿದ್ದಾರೆ. ಅದರಲ್ಲಿ ಬೇಕಾದಷ್ಟು ಅಯೋಡಿನ್ ಇರುವುದಿಲ್ಲ. ಮಳೆಗಾಲದಲ್ಲಿ ಉಪ್ಪು ನೀರು ಬಿಟ್ಟರೆ ಅಯೋಡಿನ್ನೂ ಆ ನೀರಿನ ಜೊತೆ ಹೋಗುತ್ತದೆ. ಹಾಗಾಗಿ ಮುಚ್ಚಳ ಇರುವ ಭರಣಿಯಲ್ಲಿ, ಒಲೆಯಿಂದ ದೂರ ಇಡಿ. ಆದರೆ ಅಯೋಡಿನ್ ಮಾತ್ರೆ ಅಂತ ಬೇರೆ ತಂದು ನುಂಗಬೇಡಿ. ಅದು ಜಾಸ್ತಿಯಾದರೂ ಥೈರಾಯ್ಡ್ ಕೆಡುತ್ತದೆ.

ಥೈರಾಯ್ಡ್ ಸರಿಹೋದರೆ ಸಾಕಾ?

ತುಂಬಾ ಜನರಿಗೆ ಟಿಎಸ್‌ಎಚ್ ಹಿಡಿತಕ್ಕೆ ಬಂದ ಕೆಲವು ತಿಂಗಳಲ್ಲಿ ಮುಟ್ಟು ಸರಿಯಾಗುತ್ತದೆ, ಗರ್ಭವೂ ನಿಲ್ಲುತ್ತದೆ. ಎಲ್ಲರಿಗೂ ಅಲ್ಲ. ಪಿಸಿಓಎಸ್ ನಿಜವಾಗಿಯೂ ಇರಬಹುದು, ಗರ್ಭನಾಳದ ಟ್ಯೂಬ್ ಬ್ಲಾಕ್ ಇರಬಹುದು. ಗಂಡನ ವೀರ್ಯ ಪರೀಕ್ಷೆ ಆಗಿದೆಯಾ? ಹೆಂಗಸಿನ ಕೈಯಿಂದ ಟ್ಯೂಬ್ ತುಂಬಾ ರಕ್ತ ತೆಗೆಸಿ, ಗಂಡ ಹೊರಗೆ ಜೀಪಿನಲ್ಲಿ ಕೂತು ಫೋನ್ ನೋಡುವುದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಸೂಜಿಯೂ ಬೇಡದ, ಇಡೀ ಪಟ್ಟಿಯಲ್ಲೇ ಸುಲಭದ ಪರೀಕ್ಷೆ ಅದು. ಇಬ್ಬರದ್ದೂ ಒಟ್ಟಿಗೇ ಆಗಬೇಕು.

ಗರ್ಭ ನಿಂತ ಮೇಲೆ

‘ಬಸುರಿ ಮಾತ್ರೆ ತಿನ್ನಬಾರದು’ ಅಂತ ಮನೆಯ ಹಿರಿಯರು ಹೇಳುತ್ತಾರೆ. ಬೇರೆ ಮಾತ್ರೆಗೆ ಆ ಹೆದರಿಕೆ ಸರಿ ಇರಬಹುದು. ಥೈರಾಯ್ಡ್ ಮಾತ್ರೆಯನ್ನು ಮಾತ್ರ ನಿಲ್ಲಿಸಲೇಬೇಡಿ. ಮಗುವಿನ ಸ್ವಂತ ಥೈರಾಯ್ಡ್ ಕೆಲಸ ಶುರು ಮಾಡುವುದು ಸುಮಾರು 12ನೇ ವಾರಕ್ಕೆ. ಅದರ ಮೆದುಳು ಬೆಳೆಯುವ ಆ ಮೊದಲ ವಾರಗಳಲ್ಲಿ ಬೇಕಾದ ಹಾರ್ಮೋನ್ ಎಲ್ಲ ಅಮ್ಮನಿಂದಲೇ ಹೋಗಬೇಕು. ನಿಲ್ಲಿಸುವುದಿರಲಿ, ಹೆಚ್ಚಿನವರಿಗೆ ಡೋಸ್ ಏರಿಸಬೇಕಾಗುತ್ತದೆ, ಸಾಮಾನ್ಯವಾಗಿ ಕಾಲು ಭಾಗದಷ್ಟು. ಅದಕ್ಕೇ ಗರ್ಭಕ್ಕೆ ಪ್ರಯತ್ನಿಸುವಾಗಲೇ ಡಾಕ್ಟರ್ ಹತ್ತಿರ ಕೇಳಿ ಇಟ್ಟುಕೊಳ್ಳಿ, ‘ಡೇಟ್ ತಪ್ಪಿದ ದಿನ ನಾನೇನು ಮಾಡಲಿ?’ ವಾರಕ್ಕೆ 7ರ ಬದಲು 9 ಮಾತ್ರೆ ತಗೊಂಡು ಬನ್ನಿ ಅಂತ ಕೆಲವರು ಮೊದಲೇ ಹೇಳಿರುತ್ತಾರೆ. ಹೇಳಿಲ್ಲದಿದ್ದರೆ ಕಿಟ್‌ನಲ್ಲಿ ಎರಡು ಗೆರೆ ಬಂದ ವಾರವೇ ಟಿಎಸ್‌ಎಚ್ ಕೊಡಿ. ಮೂರು ತಿಂಗಳು ತುಂಬಲಿ, ಆಮೇಲೆ ಆಸ್ಪತ್ರೆಗೆ ಹೋದರಾಯಿತು ಅಂತ ಗುಟ್ಟಾಗಿ ಕೂರಬೇಡಿ. ಊರಿಗೆ ಹೇಳುವುದು ಬೇಡ, ಲ್ಯಾಬ್‌ಗೆ ಬನ್ನಿ.

ಅರ್ಧ ಗರ್ಭ ಕಳೆಯುವವರೆಗೆ ನಾಲ್ಕು ವಾರಕ್ಕೊಮ್ಮೆ, ಮತ್ತೆ 30ನೇ ವಾರದ ಹೊತ್ತಿಗೆ ಒಮ್ಮೆ ಪರೀಕ್ಷೆ. ಹೆರಿಗೆ ಆದ ಮೇಲೆ ಸಾಮಾನ್ಯವಾಗಿ ಹಳೆಯ ಡೋಸ್‌ಗೆ ಇಳಿಸುತ್ತಾರೆ, ಆರು ವಾರಕ್ಕೆ ಮತ್ತೊಮ್ಮೆ ನೋಡುತ್ತಾರೆ. ಹಾಲೂಡಿಸುವಾಗಲೂ ಮಾತ್ರೆ ಮುಂದುವರಿಸಬಹುದು.

ಮಗುವಿನ ಟಿಎಸ್‌ಎಚ್ ಕೂಡ ಕೇಳಿ ಮಾಡಿಸಿ. ಅಮ್ಮನಿಗೆ ಥೈರಾಯ್ಡ್ ಇರಲಿ, ಇಲ್ಲದಿರಲಿ, ಹುಟ್ಟಿದ ಪ್ರತಿ ಮಗುವಿಗೂ ಇದು ಆಗಬೇಕು. ಹೆರಿಗೆ ಹೊತ್ತಿನಲ್ಲಿ ಹೊಕ್ಕುಳಬಳ್ಳಿಯ ರಕ್ತದಲ್ಲಿ ನೋಡುತ್ತಾರೆ, ಇಲ್ಲವೇ 48 ಗಂಟೆ ಕಳೆದ ಮೇಲೆ ಹಿಮ್ಮಡಿಯಿಂದ ಹನಿ ರಕ್ತ ತೆಗೆಯುತ್ತಾರೆ. ಹುಟ್ಟಿದ ಮೊದಲ ದಿನ ಮಗುವಿನ ಟಿಎಸ್‌ಎಚ್ ತಾನಾಗಿಯೇ ಏರಿರುತ್ತದೆ, ಆಗ ಹಿಮ್ಮಡಿಯಿಂದ ತೆಗೆದರೆ ಸುಮ್ನೆ ಹೆದರಿಕೆ. ಡಿಸ್ಚಾರ್ಜ್ ಚೀಟಿಯಲ್ಲಿ ಆ ರಿಪೋರ್ಟ್ ಇಲ್ಲದಿದ್ದರೆ ಸಿಸ್ಟರ್ ಹತ್ತಿರ ಕೇಳಿ, ಮಾಡಿಸಿಕೊಂಡೇ ಮನೆಗೆ ಹೊರಡಿ.